ಗಜಕರ್ಣಕ್ಕೆ ಮದ್ದು ನಾಟುತ್ತಿಲ್ಲ: ಫಂಗಸ್ ಸೆನ್ಸಿಟಿವಿಟಿ ಟೆಸ್ಟ್ ಮಾಡಿಸಬೇಕಾ?

ತೋಟದವ, ಪೆರ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನನಗೆ, ತಮ್ಮನಿಗೆ, ಅಮ್ಮನಿಗೆ ಗಜಕರ್ಣ ಹಿಡಿದಿದೆ. ನಮಗಿಬ್ಬರಿಗೆ ತೊಡೆಸಂದಿಯಲ್ಲಿ, ಅಮ್ಮನಿಗೆ ಸೀರೆ ಬಿಗಿಯುವ ಸೊಂಟದ ಸುತ್ತ. ಮಳೆಗಾಲದಲ್ಲಿ ಶುರುವಾದದ್ದು, ಬೇಸಗೆ ಬಂದರೂ ಬಿಡಲಿಲ್ಲ. ಮೆಡಿಕಲ್‌ನಿಂದ ಟ್ಯೂಬ್ ತಂದು ಹಚ್ಚಿದರೆ ನಾಲ್ಕು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಹಚ್ಚುವುದು ನಿಲ್ಲಿಸಿದರೆ ಮೊದಲಿಗಿಂತ ಅಗಲವಾಗಿ ಬರುತ್ತದೆ. ಆಮೇಲೆ ಡಾಕ್ಟ್ರು ಟರ್ಬಿನಾಫಿನ್ ಮಾತ್ರೆ ಕೊಟ್ಟರು. ಅದನ್ನು ಹೇಳಿದಷ್ಟು ದಿನ ನುಂಗಿದೆವು, ಪೂರ್ತಿ ಹೋಗಲಿಲ್ಲ.

ಈಗ ಭಾವ ಹೇಳುತ್ತಾರೆ, ಮಂಗಳೂರಿಗೆ ಹೋಗಿ ಕಲ್ಚರ್ ಸೆನ್ಸಿಟಿವಿಟಿ ಮಾಡಿಸಿ, ಯಾವ ಮದ್ದು ನಾಟುತ್ತದೆ ಅಂತ ಅದೇ ಹೇಳುತ್ತದೆ ಅಂತ. ಮೂತ್ರದ ಇನ್‌ಫೆಕ್ಷನ್‌ಗೆ ಮಾಡಿಸುತ್ತಾರಲ್ಲ, ಹಾಗೆ. ಫಂಗಸ್‌ಗೂ ಅದು ಉಂಟಾ? ಎಷ್ಟು ದಿನ ಹಿಡಿಯುತ್ತದೆ? ಗೊತ್ತಿದ್ದವರು ತಿಳಿಸಿ.

ಉಪ್ಪಳದಿಂದ

ನಮ್ಮ ಮನೆಯಲ್ಲೂ ಇದೇ ಪಾಡು. ಉತ್ತರಕ್ಕೆ ಕಾಯುತ್ತೇನೆ.

ಮೈಕಾಲಜಿ ಮೇಜು

ನಾನು ಕುಂಬಳೆಯವನು. ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಫಂಗಸ್ ವಿಭಾಗ ನೋಡಿಕೊಳ್ಳುತ್ತೇನೆ. ಪೆರ್ಲದ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಟೆಸ್ಟ್ ಉಂಟು. ಆದರೆ ಅದು ಕೊನೆಯ ಮೆಟ್ಟಿಲು. ಮೊದಲು ನೋಡಬೇಕಾದದ್ದು ಅದು ನಿಜವಾಗಿಯೂ ಫಂಗಸ್ಸೇ ಅಂತ. ಸೋರಿಯಾಸಿಸ್, ಎಕ್ಸಿಮಾ ಕೂಡ ಕೆಲವೊಮ್ಮೆ ಉಂಗುರದ ಹಾಗೆ ಕಾಣುತ್ತವೆ. ಅದಕ್ಕೆ ಕೆಓಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ) ಪರೀಕ್ಷೆ ಸಾಕು, ಅದೇ ದಿನ ಉತ್ತರ ಸಿಗುತ್ತದೆ.

ಹೇಗೆ ಮಾಡುತ್ತೇವೆ ಅಂದರೆ, ಉಂಗುರದ ನಡುವೆ ಅಲ್ಲ, ಅಂಚಿನಲ್ಲಿ ಕೆರೆಯುತ್ತೇವೆ. ಫಂಗಸ್ ಚುರುಕಾಗಿ ಹರಡುತ್ತಿರುವುದು ಅಲ್ಲೇ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಮೊಂಡು ಬ್ಲೇಡಿನಿಂದ ಆ ಕೆಂಪು ಏರಿಯನ್ನು ಮೆಲ್ಲಗೆ ಕೆರೆದರೆ ಬಿಳಿ ಹೊಟ್ಟಿನಂಥ ಪುಡಿ ಉದುರುತ್ತದೆ. ಅದನ್ನು ಕಪ್ಪು ಕಾಗದದ ಮೇಲೆ ಹಿಡಿಯುತ್ತೇವೆ. ಬಿಳಿ ಕಾಗದವಾದರೆ ಎಷ್ಟು ಸಿಕ್ಕಿತು ಅಂತಲೇ ಗೊತ್ತಾಗುವುದಿಲ್ಲ. ಕಾಗದವನ್ನು ಮಡಚಿ ಹಾಗೇ ಇಡುತ್ತೇವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿದರೆ ಒಳಗೆ ತೇವ ಕಟ್ಟಿ ಬೇರೆ ಬೂಸ್ಟು ಬೆಳೆಯುತ್ತದೆ. ಆ ಪುಡಿಯಲ್ಲಿ ಸ್ವಲ್ಪವನ್ನು ಗಾಜಿನ ಮೇಲಿಟ್ಟು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದರೆ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಫಂಗಸ್‌ನ ಎಳೆಗಳು ಕರಗದೆ ಕವಲು ಕವಲಾಗಿ ಕಾಣುತ್ತವೆ.

ಉಳಿದ ಪುಡಿ ಕಲ್ಚರ್‌ಗೆ, ಅಂದರೆ ಫಂಗಸ್ ಬೆಳೆಸಿ ನೋಡಲು ಹೋಗುತ್ತದೆ. ಸಾಬೊರೋ ಅಗಾರ್ ಅನ್ನುವ ಜೆಲ್ಲಿಯಂಥ ಆಹಾರದಲ್ಲಿ, ಬ್ಯಾಕ್ಟೀರಿಯಾ ಬಾರದ ಹಾಗೆ ಕ್ಲೋರಾಂಫೆನಿಕಾಲ್, ಗಾಳಿಯ ಬೂಸ್ಟು ಬಾರದ ಹಾಗೆ ಸೈಕ್ಲೋಹೆಕ್ಸಿಮೈಡ್ ಸೇರಿಸಿ, 25ರಿಂದ 30 ಡಿಗ್ರಿಯಲ್ಲಿ ಇಡುತ್ತೇವೆ. ಮೂತ್ರದ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಬೆಳೆಯುತ್ತದೆ. ಚರ್ಮದ ಫಂಗಸ್‌ಗೆ ಒಂದೆರಡು ವಾರ ಬೇಕು. ಬೆಳೆದಿಲ್ಲ ಅಂತ ಬರೆದುಕೊಡಬೇಕಾದರೆ 4 ವಾರ ಕಾಯುತ್ತೇವೆ. ಬೆಳೆದ ಮೇಲೆ ಜಾತಿ ಗುರುತಿಸಬೇಕು. ಅದಾದ ಮೇಲೆ ಸೆನ್ಸಿಟಿವಿಟಿ, ಅದಕ್ಕೆ ಮತ್ತೆ 4ರಿಂದ 7 ದಿನ. ಒಟ್ಟು ಮೂರು ವಾರ ಅಂತ ಇಟ್ಟುಕೊಳ್ಳಿ, ಜಾಸ್ತಿಯೂ ಆಗಬಹುದು.

ಭಾವ ಹೇಳಿದ್ದರಲ್ಲಿ ಒಂದು ವಿಷಯ ತಿದ್ದಬೇಕು. ಯಾವ ಮದ್ದು ನಾಟುತ್ತದೆ ಅಂತ ಟೆಸ್ಟ್ ಒಂದೇ ಹೇಳುವುದಿಲ್ಲ. ಅದು ಹೇಳುವುದು ಒಂದು ಅಂಕಿ. ಆ ಅಂಕಿಗೆ ಅರ್ಥ ಬರುವುದು ಪಕ್ಕದಲ್ಲಿ ಫಂಗಸ್‌ನ ಸರಿಯಾದ ಹೆಸರು ಇದ್ದರೆ ಮಾತ್ರ. ನನ್ನನ್ನು ಕೇಳಿದರೆ ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಬೆಲೆಯ ಸಾಲು ಆ ಹೆಸರು. ಎಸ್ (ಸೆನ್ಸಿಟಿವ್, ಮದ್ದಿಗೆ ಬಗ್ಗುವುದು), ಆರ್ (ರೆಸಿಸ್ಟೆಂಟ್, ಬಗ್ಗದ್ದು) ಅಂತ ಬರೆದದ್ದೆಲ್ಲ ಆಮೇಲೆ.

ನೀರ್ಚಾಲು ಟೀಚರ್

ಬ್ಯಾಕ್ಟೀರಿಯಾಕ್ಕೆ ತಟ್ಟೆಯಲ್ಲಿ ಬಿಲ್ಲೆಗಳನ್ನಿಟ್ಟು ಸುತ್ತ ಖಾಲಿ ವೃತ್ತ ಅಳೆಯುವುದನ್ನು ಮಕ್ಕಳಿಗೆ ತೋರಿಸಿದ್ದೇನೆ. ಇದಕ್ಕೂ ಹಾಗೆಯಾ? ಅಂಕಿ ಅಂದಿರಲ್ಲ, ಅದು ಎಲ್ಲಿಂದ ಬರುತ್ತದೆ?

ಮೈಕಾಲಜಿ ಮೇಜು

ಟೀಚರೇ, ಬಿಲ್ಲೆಯ ವಿಧಾನ ಕ್ಯಾಂಡಿಡಾದಂಥ ಯೀಸ್ಟ್‌ಗೆ ಉಂಟು. ಮ್ಯುಲ್ಲರ್ ಹಿಂಟನ್ ಅಗಾರ್‌ಗೆ 2% ಗ್ಲೂಕೋಸ್ ಮತ್ತು ಚೂರು ಮಿಥಿಲೀನ್ ಬ್ಲೂ ಸೇರಿಸಿ, 25 ಮೈಕ್ರೋಗ್ರಾಂ ಫ್ಲುಕೊನಝೋಲ್ ಬಿಲ್ಲೆ ಇಡುತ್ತೇವೆ. ನೀಲಿ ಬಣ್ಣದಿಂದ ವೃತ್ತದ ಅಂಚು ಚೆನ್ನಾಗಿ ಕಾಣುತ್ತದೆ. ಆದರೆ ಗಜಕರ್ಣದ ಫಂಗಸ್ ಎಳೆಎಳೆಯಾಗಿ, ನಿಧಾನವಾಗಿ ಬೆಳೆಯುವಂಥದ್ದು. ಅದಕ್ಕೆ ಮೈಕ್ರೋಡೈಲ್ಯೂಷನ್, ಅಂದರೆ ಮದ್ದನ್ನು ಹಂತ ಹಂತವಾಗಿ ತೆಳು ಮಾಡಿ ನೋಡುವ ವಿಧಾನವನ್ನೇ ಮಾನದಂಡ ಅಂತ ಇಟ್ಟುಕೊಂಡಿದ್ದೇವೆ.

ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಒಂದು ಸಾಲು ಒಂದು ಮದ್ದಿಗೆ. ಮೊದಲ ಗುಳಿಯಲ್ಲಿ ಮದ್ದು ಜಾಸ್ತಿ, ಮುಂದಿನದರಲ್ಲಿ ಅರ್ಧ, ಅದರ ಮುಂದಿನದರಲ್ಲಿ ಅದರರ್ಧ. ಹೀಗೆ ಹತ್ತು ಗುಳಿ. ಹನ್ನೊಂದನೆಯದರಲ್ಲಿ ಮದ್ದೇ ಇಲ್ಲ, ಬರೀ ಫಂಗಸ್. ಹನ್ನೆರಡನೆಯದರಲ್ಲಿ ಫಂಗಸ್ಸೂ ಇಲ್ಲ, ಬರೀ ದ್ರವ. ಹನ್ನೊಂದರಲ್ಲಿ ಬೆಳೆಯದಿದ್ದರೆ ಅಥವಾ ಹನ್ನೆರಡರಲ್ಲಿ ಏನಾದರೂ ಬೆಳೆದರೆ ಇಡೀ ಸಾಲನ್ನು ಕೈಬಿಡಬೇಕು.

ದ್ರವ ಆರ್‌ಪಿಎಂಐ 1640 ಅನ್ನುವ ಪೋಷಕ ದ್ರಾವಣ, ಅದರ ಪಿಎಚ್ 7.0 ಇರಬೇಕು. ಎಷ್ಟು ಫಂಗಸ್ ಹಾಕಬೇಕು ಅನ್ನುವುದಕ್ಕೂ ಲೆಕ್ಕ ಉಂಟು. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹಾಕಿಕೊಡುವ ಸಂಸ್ಥೆಗಳು ಎರಡು. ಅಮೆರಿಕದ ಸಿಎಲ್‌ಎಸ್‌ಐ ವಿಧಾನದಲ್ಲಿ ಚರ್ಮದ ಫಂಗಸ್‌ಗೆ ಒಂದು ಮಿಲಿಗೆ 1,000ದಿಂದ 3,000 ಬೀಜಕಣ, 35 ಡಿಗ್ರಿ, 4 ದಿನ. ಯುರೋಪಿನ ಯುಕ್ಯಾಸ್ಟ್ ವಿಧಾನದಲ್ಲಿ ಫಂಗಸ್ ಜಾಸ್ತಿ ಹಾಕುತ್ತಾರೆ, ಉಷ್ಣತೆ ಕಡಿಮೆ, ದಿನ ಜಾಸ್ತಿ. ಎರಡರ ಅಂಕಿಗಳನ್ನು ಬೆರೆಸಿ ಓದಬಾರದು. ರಿಪೋರ್ಟಿನಲ್ಲಿ ಯಾವ ವಿಧಾನ ಅಂತ ಬರೆದಿರಲೇಬೇಕು.

ನನಗೆ ಈ ಕೆಲಸದಲ್ಲಿ ಅತಿ ಕಷ್ಟ ಅನ್ನಿಸುವುದು ಓದುವುದು. ತಟ್ಟೆಯನ್ನು ಕನ್ನಡಿಯ ಸ್ಟ್ಯಾಂಡಿನ ಮೇಲಿಟ್ಟು ತಳವನ್ನು ಕೆಳಗಿನಿಂದ ನೋಡುತ್ತೇವೆ. ಮದ್ದಿಲ್ಲದ ಗುಳಿಯಲ್ಲಿ ಹತ್ತಿಯ ಉಂಡೆಯಂತೆ ದಟ್ಟ ಬೆಳವಣಿಗೆ. ಮದ್ದು ಜಾಸ್ತಿಯಾದ ಹಾಗೆ ಅದು ಸೊರಗುತ್ತಾ ಬರುತ್ತದೆ. ಆದರೆ ಪೂರ್ತಿ ತಿಳಿ ಆಗುವುದಿಲ್ಲ, ತೆಳು ಮಬ್ಬು ಉಳಿಯುತ್ತದೆ. ಚರ್ಮದ ಫಂಗಸ್‌ಗೆ, ಮದ್ದಿಲ್ಲದ ಗುಳಿಗಿಂತ 80% ಕಡಿಮೆ ಬೆಳೆದ ಗುಳಿಗಳಲ್ಲಿ ಮದ್ದು ಅತಿ ಕಡಿಮೆ ಇರುವುದೇ ಉತ್ತರ. ಅದರಲ್ಲಿರುವ ಮದ್ದಿನ ಪ್ರಮಾಣವೇ ಎಂಐಸಿ. ಇದನ್ನು ಕಣ್ಣಂದಾಜಿನಲ್ಲೇ ಓದುತ್ತೇವೆ. ಅದಕ್ಕೇ ಗುಣ ಗೊತ್ತಿರುವ ತಳಿಗಳನ್ನು ಜೊತೆಗೇ ಓಡಿಸುತ್ತೇವೆ. ಯೀಸ್ಟ್‌ಗಾದರೆ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019, ಕ್ಯಾಂಡಿಡಾ ಕ್ರುಸಿ ಎಟಿಸಿಸಿ 6258. ಅವುಗಳ ಅಂಕಿ ತಪ್ಪಿದರೆ ರೋಗಿಯ ಅಂಕಿಯನ್ನು ಬರೆಯುವ ಹಾಗಿಲ್ಲ.

ಪಿಜಿ ಮೈಕ್ರೋಬಯಾಲಜಿ

ಅಣ್ಣ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಹೆಸರು ಯಾಕೆ ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ.

ರಿಪೋರ್ಟಿನಲ್ಲಿ ಫ್ಲುಕೊನಝೋಲ್ ಎಂಐಸಿ 8 (ಮಿಲಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ) ಅಂತ ಬಂತು ಅಂದುಕೊಳ್ಳಿ. ಫಂಗಸ್ ಕ್ಯಾಂಡಿಡಾ ಆಲ್ಬಿಕನ್ಸ್ ಆಗಿದ್ದರೆ ಅದು ರೆಸಿಸ್ಟೆಂಟ್. ಸಿಎಲ್‌ಎಸ್‌ಐ ಪ್ರಕಾರ 2 ಅಥವಾ ಕಡಿಮೆ ಇದ್ದರೆ ಸೆನ್ಸಿಟಿವ್, 4 ಇದ್ದರೆ ಡೋಸ್ ಜಾಸ್ತಿ ಮಾಡಿ ಕೊಡಬಹುದು, 8 ಮತ್ತು ಮೇಲೆ ರೆಸಿಸ್ಟೆಂಟ್. ಅದೇ 8, ಕ್ಯಾಂಡಿಡಾ ಗ್ಲಾಬ್ರಾಟಾ ಆಗಿದ್ದರೆ? ಅದಕ್ಕೆ 32ರ ವರೆಗೂ ಡೋಸ್ ಜಾಸ್ತಿ ಮಾಡಿ ಕೊಡುವ ಗುಂಪು, 64ರಿಂದ ಮೇಲೆ ರೆಸಿಸ್ಟೆಂಟ್. ಕ್ರುಸಿ ಆಗಿದ್ದರೆ ಅಂಕಿ ನೋಡುವ ಕೆಲಸವೇ ಇಲ್ಲ, ಫ್ಲುಕೊನಝೋಲ್‌ಗೆ ಅದು ಹುಟ್ಟಿನಿಂದಲೇ ಬಗ್ಗದ ಜಾತಿ.

ಇನ್ನೊಂದು. ಒಂದು ಮದ್ದಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಟರ್ಬಿನಾಫಿನ್ 1, ಫ್ಲುಕೊನಝೋಲ್ 4 ಇದ್ದರೆ ಟರ್ಬಿನಾಫಿನ್ ಒಳ್ಳೆಯದು ಅಂತ ಅನಿಸುತ್ತದೆ, ಅಲ್ವಾ? ಅಲ್ಲವೇ ಅಲ್ಲ. ಟರ್ಬಿನಾಫಿನ್‌ಗೆ ಬಗ್ಗುವ ಚರ್ಮದ ಫಂಗಸ್‌ಗಳು 0.1ಕ್ಕಿಂತ ಕೆಳಗೇ ನಿಲ್ಲುತ್ತವೆ. ಅದರಲ್ಲಿ 1 ಅಂದರೆ ಕೆಟ್ಟ ಸುದ್ದಿ.

ಮತ್ತೆ, ಗಜಕರ್ಣದ ಫಂಗಸ್‌ಗೆ ಸಿಎಲ್‌ಎಸ್‌ಐ ಎಸ್, ಆರ್ ಗಡಿಗಳನ್ನು ಇನ್ನೂ ಹಾಕಿಕೊಟ್ಟಿಲ್ಲ. ಚರ್ಮದ ರಿಪೋರ್ಟಿನಲ್ಲಿ ಸುಮ್ನೆ ಎಸ್, ಆರ್ ಅಂತ ಮಾತ್ರ ಅಚ್ಚಾಗಿ ಬಂದರೆ ಎಂಐಸಿ ಎಷ್ಟು, ಯಾವ ಆಧಾರದ ಮೇಲೆ ಆರ್ ಅಂದಿರಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಗಡಿನಾಡಿಗ

ನನಗೆ ಇದರ ಮೇಲೆ ನಂಬಿಕೆ ಕಡಿಮೆ. ನಮ್ಮಜ್ಜನ ಕಾಲದಲ್ಲಿ ಗಜಕರ್ಣಕ್ಕೆ ಟೆಸ್ಟ್ ಇತ್ತಾ? ಸೀಮೆ ಅಗಸೆಯ ಸೊಪ್ಪು ಅರೆದು ಹಚ್ಚುತ್ತಿದ್ದರು, ಹೋಗುತ್ತಿತ್ತು. ಈಗ ಎಲ್ಲದಕ್ಕೂ ಸ್ಕ್ಯಾನಿಂಗ್, ಎಲ್ಲದಕ್ಕೂ ಲ್ಯಾಬ್. ಬಡವರು ಎಲ್ಲಿಗೆ ಹೋಗಬೇಕು?

ಮೈಕಾಲಜಿ ಮೇಜು

ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಒಪ್ಪುತ್ತೇನೆ. ಹೊಸದಾಗಿ ಬಂದ ಒಂದು ಉಂಗುರಕ್ಕೆ ಸೆನ್ಸಿಟಿವಿಟಿ ಬೇಡವೇ ಬೇಡ. ಕೆಓಎಚ್ ಮಾಡಿ, ಸರಿಯಾದ ಮದ್ದನ್ನು ಸರಿಯಾದಷ್ಟು ದಿನ ಹಚ್ಚಿದರೆ ಹೋಗುತ್ತದೆ. ಟೆಸ್ಟ್ ಬೇಕಾಗುವುದು ಎಲ್ಲ ಸರಿಯಾಗಿ ಮಾಡಿದ ಮೇಲೂ ಹೋಗದಿದ್ದಾಗ, ಅಥವಾ ರಕ್ತ, ಕಣ್ಣು, ಮೆದುಳಿನಂಥ ಕಡೆ ಫಂಗಸ್ ಹೊಕ್ಕಾಗ.

ಟೆಸ್ಟ್‌ಗೂ ಮಿತಿ ಉಂಟು. ರೆಕ್ಸ್ ಮತ್ತು ಫಾಲರ್ ಅನ್ನುವ ಇಬ್ಬರು ತಜ್ಞರು 2002ರಲ್ಲಿ ಬರೆದ 90–60 ನಿಯಮವನ್ನು ನಮಗೆ ಪಾಠದಲ್ಲೇ ಹೇಳುತ್ತಾರೆ. ಸೆನ್ಸಿಟಿವ್ ಅಂತ ಬಂದರೆ ಸುಮಾರು 90% ರೋಗಿಗಳಿಗೆ ಮದ್ದು ನಾಟುತ್ತದೆ. ರೆಸಿಸ್ಟೆಂಟ್ ಅಂತ ಬಂದರೂ ಸುಮಾರು 60% ಜನ ಗುಣವಾಗುತ್ತಾರೆ, ಅವರ ಮೈಯ ಶಕ್ತಿಯೂ ಕೆಲಸ ಮಾಡುತ್ತದೆ. ಅಂದರೆ ಎಸ್ ಅಂತ ಬಂದ ಹತ್ತರಲ್ಲಿ ಒಬ್ಬರಿಗೆ ಗುಣವಾಗದೆಯೂ ಇರಬಹುದು.

ಅಜ್ಜನ ಕಾಲದ ಫಂಗಸ್ಸೂ ಈಗಿನದೂ ಒಂದೇ ಅಲ್ಲ. ಆಗ ಜಾಸ್ತಿ ಇದ್ದದ್ದು ಟ್ರೈಕೊಫೈಟಾನ್ ರುಬ್ರಮ್. ಈಗ ನಮ್ಮ ದೇಶದ ತುಂಬ ಹರಡಿರುವುದು ಟ್ರೈಕೊಫೈಟಾನ್ ಇಂಡೋಟಿನಿಯೆ. 2020ರಲ್ಲಿ ಜಪಾನಿನವರು ಅದಕ್ಕೆ ಆ ಹೆಸರು ಕೊಟ್ಟರು, ಅಲ್ಲಿದ್ದ ಭಾರತ ಮತ್ತು ನೇಪಾಳದ ರೋಗಿಗಳಿಂದ ಸಿಕ್ಕ ತಳಿ ನೋಡಿ. ಟರ್ಬಿನಾಫಿನ್ ಹಿಡಿಯುವುದು ಸ್ಕ್ವಾಲೀನ್ ಎಪಾಕ್ಸಿಡೇಸ್ ಅನ್ನುವ ಕಿಣ್ವವನ್ನು. ಆ ಕಿಣ್ವದ ಜೀನಿನಲ್ಲಿ ಒಂದೇ ಒಂದು ಬದಲಾವಣೆ ಆದರೆ, ಮುಖ್ಯವಾಗಿ 397ನೇ ಅಥವಾ 393ನೇ ಜಾಗದಲ್ಲಿ, ಮದ್ದು ಅಲ್ಲಿ ಕೂರುವುದಿಲ್ಲ. ಈ ಜಾತಿಯಲ್ಲಿ ಅಂಥ ಬದಲಾವಣೆ ತುಂಬ ಕಾಣುತ್ತದೆ. ಕಷ್ಟ ಏನೆಂದರೆ ಸೂಕ್ಷ್ಮದರ್ಶಕದಲ್ಲಿ ಇದು ಹಳೆಯ ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ತರಹವೇ ಕಾಣುತ್ತದೆ. ಖಚಿತವಾಗಿ ಹೇಳಬೇಕಾದರೆ ಐಟಿಎಸ್ ಅನ್ನುವ ಡಿಎನ್‌ಎ ಭಾಗವನ್ನು ಓದಬೇಕು, ಎಲ್ಲ ಲ್ಯಾಬ್‌ನಲ್ಲೂ ಅದು ಇಲ್ಲ.

ಸೊಪ್ಪಿನ ಬಗ್ಗೆ ಒಂದೇ ಮಾತು. ಸ್ಟಿರಾಯ್ಡ್ ಹಚ್ಚಿ ತೆಳುವಾದ ಚರ್ಮದ ಮೇಲೆ ಹಸಿ ಸೊಪ್ಪು ಉಜ್ಜಬೇಡಿ, ಸುಟ್ಟ ಹಾಗಾಗುತ್ತದೆ.

ಮೆಡಿಕಲ್‌ನವ, ಬದಿಯಡ್ಕ

ಸ್ಟಿರಾಯ್ಡ್ ಮಾತು ಬಂದದ್ದು ಒಳ್ಳೆಯದಾಯಿತು. ಪೆರ್ಲದ ಅಣ್ಣಾ, ನಾಲ್ಕು ದಿನಕ್ಕೆ ತುರಿಕೆ ನಿಂತು ಆಮೇಲೆ ಅಗಲವಾಗಿ ಬಂತು ಅಂದಿರಲ್ಲ, ಅದು ಕೇಳಿದರೆ ನನಗೆ ಅನುಮಾನ ಬರುವುದು ಟ್ಯೂಬಿನ ಮೇಲೆಯೇ. ಹಿಂಭಾಗದ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಟಾಸೋನ್ ಇದರಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್. ಕ್ಲೊಬೆಟಾಸೋಲ್, ಆಫ್ಲೊಕ್ಸಾಸಿನ್, ಆರ್ನಿಡಝೋಲ್, ಟರ್ಬಿನಾಫಿನ್ ನಾಲ್ಕೂ ಒಂದೇ ಟ್ಯೂಬಿನಲ್ಲಿ ಬೆರೆಸಿದ್ದು ಎಲ್ಲ ಕಡೆ ಸಿಗುತ್ತದೆ. ಸ್ಟಿರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಜೊತೆಗೆ ಚರ್ಮದ ಕಾವಲನ್ನೂ ಅಡಗಿಸುತ್ತದೆ. ಒಳಗೆ ಫಂಗಸ್ ಹಾಯಾಗಿ ಹರಡುತ್ತದೆ.

2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾನು ಕೊಡುವುದಿಲ್ಲ ಅಂದರೆ ಜನ ಜಗಳಕ್ಕೆ ಬರುತ್ತಾರೆ, ಪಕ್ಕದ ಅಂಗಡಿಗೆ ಹೋಗುತ್ತಾರೆ. ಆದರೂ ಕೊಡುವುದಿಲ್ಲ. ಎಳೆಯ ಮಕ್ಕಳ ತೊಡೆಯಲ್ಲಿ ಚರ್ಮ ಬಿರಿದು ಬಿಳಿ ಗೆರೆ ಬಿದ್ದದ್ದನ್ನು ನೋಡಿದವರು ಯಾರೂ ಕೊಡಲಾರರು. ಆ ಗೆರೆ ಮತ್ತೆ ಹೋಗುವುದಿಲ್ಲ.

ಇನ್ನೊಂದು ವಿಷಯ. ಟರ್ಬಿನಾಫಿನ್ ಬಿಟ್ಟು ಇಟ್ರಾಕೊನಝೋಲ್‌ಗೆ ಬದಲಾಯಿಸಿದವರು, ಕ್ಯಾಪ್ಸೂಲನ್ನು ಊಟದ ಜೊತೆಗೇ ತೆಗೆದುಕೊಳ್ಳಿ. ಅದು ಹೀರಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್ ಮಾತ್ರೆಯನ್ನು ಬೆಳಿಗ್ಗೆ ನುಂಗಿ ಆಮೇಲೆ ಇದನ್ನು ನುಂಗಿದರೆ ರಕ್ತಕ್ಕೆ ಮದ್ದು ಸರಿಯಾಗಿ ಸೇರುವುದಿಲ್ಲ. ಮದ್ದು ನಾಟಲಿಲ್ಲ ಅಂತ ಲ್ಯಾಬ್‌ಗೆ ಹೋಗುವ ಮೊದಲು ಇದನ್ನೊಮ್ಮೆ ನೋಡಿಕೊಳ್ಳಿ. ಹೃದಯದ ತೊಂದರೆ ಇರುವವರು, ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರು ಡಾಕ್ಟ್ರಿಗೆ ಮೊದಲೇ ಹೇಳಲೇಬೇಕು, ಇದರ ಜೊತೆ ಅದು ಆಗುವುದಿಲ್ಲ.

ತೋಟದವ, ಪೆರ್ಲ

ಟ್ಯೂಬ್ ನೋಡಿದೆ. ನೀವು ಹೇಳಿದ ನಾಲ್ಕೂ ಉಂಟು. ಅಮ್ಮನಿಗೆ ದಿನಾ ಒಂದು ಗ್ಯಾಸ್ಟ್ರಿಕ್ ಮಾತ್ರೆಯೂ ಉಂಟು.

ಇನ್ನೊಂದು ಸಂಶಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಅಡಿಕೆಗೆ ಎಲೆಚುಕ್ಕಿ ಬಂದ ಮೇಲೆ ನಾವು ಪ್ರೊಪಿಕೊನಝೋಲ್ ಬಿಡುತ್ತೇವೆ, ಲೀಟರಿಗೆ 1 ಮಿಲಿ. ನೀವು ಹೇಳಿದ ಇಟ್ರಾಕೊನಝೋಲ್ ಕೂಡ ಆ ಕುಟುಂಬದ್ದೇ ಅಂತ ಕಾಣುತ್ತದೆ. ತೋಟಕ್ಕೆ ಬಿಟ್ಟ ಮದ್ದಿನಿಂದಲೇ ನಮ್ಮ ಫಂಗಸ್‌ಗೆ ಅಭ್ಯಾಸವಾಯಿತಾ? ಎಂಡೋಸಲ್ಫಾನ್ ಕಂಡ ಊರಿನವರು ನಾವು, ಹೆದರಿಕೆ ಇದ್ದೇ ಇರುತ್ತದೆ.

ಮೈಕಾಲಜಿ ಮೇಜು

ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಊರುಗಳ ಕಡೆಯವರಿಗೆ ಆ ಹೆದರಿಕೆ ಇಲ್ಲದಿದ್ದರೆ ಆಶ್ಚರ್ಯ. ಎಂಡೋಸಲ್ಫಾನ್ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಪ್ರೊಪಿಕೊನಝೋಲ್ ಬೇರೆ ಜಾತಿಯ ರಾಸಾಯನಿಕ. ಆದರೆ ನಿಮ್ಮ ಪ್ರಶ್ನೆ ತುಂಬ ಸರಿಯಾದದ್ದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಪ್ರೊಪಿಕೊನಝೋಲ್, ಟೆಬುಕೊನಝೋಲ್, ಹೆಕ್ಸಾಕೊನಝೋಲ್ ಎಲ್ಲ ನಮ್ಮ ಇಟ್ರಾಕೊನಝೋಲ್, ವೊರಿಕೊನಝೋಲ್ ಹಿಡಿಯುವ ಕಿಣ್ವವನ್ನೇ ಹಿಡಿಯುತ್ತವೆ. ಎರ್ಗೋಸ್ಟೆರಾಲ್ ತಯಾರಾಗದ ಹಾಗೆ ಮಾಡುತ್ತವೆ. ಅದಿಲ್ಲದೆ ಫಂಗಸ್‌ನ ಕೋಶದ ಪೊರೆ ನಿಲ್ಲುವುದಿಲ್ಲ. ಆಸ್ಪರ್ಜಿಲ್ಲಸ್ ಫ್ಯುಮಿಗಾಟಸ್ ಅನ್ನುವ ಬೂಸ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗೊಬ್ಬರದ ರಾಶಿಯಲ್ಲಿ ಬದುಕುತ್ತದೆ. ಹೊಲದ ಮದ್ದು ಅದಕ್ಕೆ ತಾಗುತ್ತದೆ. ಅಲ್ಲೇ ಬಗ್ಗದ ತಳಿ ಆಯ್ಕೆಯಾಗಿ ಉಳಿಯುತ್ತದೆ. ಆಮೇಲೆ ಅದರ ಬೀಜಕಣ ಗಾಳಿಯಲ್ಲಿ ಬಂದು, ಯಾವತ್ತೂ ಆ ಮಾತ್ರೆ ನುಂಗದ ರೋಗಿಯ ಶ್ವಾಸಕೋಶಕ್ಕೆ ಸೇರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ಗಮನಿಸಿದ ಟಿಆರ್34/ಎಲ್98ಎಚ್ ಅನ್ನುವ ರೂಪಾಂತರ ನಮ್ಮ ದೇಶದ ಮಣ್ಣಿನಲ್ಲೂ ರೋಗಿಗಳಲ್ಲೂ ಸಿಕ್ಕಿದೆ. ತೋಟಕ್ಕೆ ಬಿಡುವ ಮದ್ದಿಗೂ ಆಸ್ಪತ್ರೆಯ ಮದ್ದಿಗೂ ಸಂಬಂಧ ಇದೆ ಅಂತ ನಾನು ನಂಬುವುದು ಇದನ್ನು ನೋಡಿಯೇ.

ಆದರೆ ಗಜಕರ್ಣದ ಮಾತು ಬೇರೆ. ಇಂಡೋಟಿನಿಯೆ ನಿಮ್ಮ ಅಡಿಕೆ ಬುಡದಲ್ಲಿ ಬದುಕುವುದಿಲ್ಲ, ಮನುಷ್ಯರ ಚರ್ಮದಲ್ಲಿ, ಬೈರಾಸಿನಲ್ಲಿ, ಒಳಬಟ್ಟೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಟರ್ಬಿನಾಫಿನ್‌ಗೆ ಅದು ಬಗ್ಗದಿರುವುದಕ್ಕೂ ಪ್ರೊಪಿಕೊನಝೋಲ್‌ಗೂ ನಂಟಿಲ್ಲ, ಎರಡರ ಗುರಿ ಬೇರೆ ಬೇರೆ ಕಿಣ್ವ.

ಅಡಿಕೆ ಕೃಷಿಕ, ಮುಳ್ಳೇರಿಯ

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ಕೆಲವರು ಕೊಳೆರೋಗಕ್ಕೂ ಇದೇ ಪ್ರೊಪಿಕೊನಝೋಲ್ ಬಿಡುತ್ತಾರೆ. ಕೊಳೆರೋಗ ಫೈಟೊಫ್ತೊರಾದಿಂದ ಬರುವುದು. ಅದು ನಿಜವಾದ ಫಂಗಸ್ ಅಲ್ಲ, ಎರ್ಗೋಸ್ಟೆರಾಲ್ ತಾನಾಗಿ ಮಾಡಿಕೊಳ್ಳುವುದೂ ಇಲ್ಲ. ಅದಕ್ಕೆ ಈ ಮದ್ದು ನಾಟುವುದು ಹೇಗೆ? ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಅದೇ ಬೋರ್ಡೋ ದ್ರಾವಣ ಈಗಲೂ ಸರಿ. ಯಾವ ರೋಗ ಅಂತ ತಿಳಿಯದೆ ಮದ್ದು ಬಿಡುವುದು ತೋಟದಲ್ಲೂ ನಷ್ಟ. ಸಂಶಯ ಇದ್ದರೆ ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ)ಯಲ್ಲಿ ಕೇಳಿ, ಕೈಯಳತೆಯಲ್ಲೇ ಇದೆ.

ಮೈಕಾಲಜಿ ಮೇಜು

ಬಹಳ ಒಳ್ಳೆಯ ಮಾತು. ಇಷ್ಟೊತ್ತು ನಾನು ಹೇಳುತ್ತಾ ಬಂದದ್ದೂ ಇದನ್ನೇ, ಮೊದಲು ಹೆಸರು, ಆಮೇಲೆ ಮದ್ದು.

ನೀರ್ಚಾಲು ಟೀಚರ್

ನಮ್ಮ ನೆರೆಮನೆಯವರಿಗೆ ತೋಟದಲ್ಲಿ ಸೋಗೆ ಎಳೆಯುವಾಗ ಕಣ್ಣಿಗೆ ತಾಗಿ ಗಾಯವಾಗಿತ್ತು. ಆಮೇಲೆ ಫಂಗಸ್ ಅಂತ ಹೇಳಿದರು. ಕಣ್ಣಿಗೂ ಈ ಟೆಸ್ಟ್ ಮಾಡುತ್ತಾರಾ?

ಪಿಜಿ ಮೈಕ್ರೋಬಯಾಲಜಿ

ಮಾಡಬಹುದು ಟೀಚರ್, ಆದರೆ ಕಣ್ಣಿನಲ್ಲಿ ಕಾಯಲು ಸಮಯ ಇಲ್ಲ. ಸೋಗೆ, ಭತ್ತದ ಎಲೆ, ಕಡ್ಡಿ ತಾಗಿ ಬರುವುದು ಹೆಚ್ಚಾಗಿ ಫ್ಯುಸೇರಿಯಂ ಅಥವಾ ಆಸ್ಪರ್ಜಿಲ್ಲಸ್. ಕಣ್ಣಿನ ಡಾಕ್ಟ್ರು ಕೆರೆದು ತೆಗೆದದ್ದನ್ನು ಸ್ಲೈಡಿನಲ್ಲಿ ನೋಡಿ, ಎಳೆ ಕಂಡ ಕೂಡಲೇ ನಾಟಾಮೈಸಿನ್ 5% ಹನಿ ಶುರು ಮಾಡುತ್ತಾರೆ. ನಾಟಾಮೈಸಿನ್‌ನೇ ಯಾಕೆ ಅಂದರೆ, ತಮಿಳುನಾಡಿನ ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರೂ ಸೇರಿ ಮಾಡಿದ ದೊಡ್ಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ವೊರಿಕೊನಝೋಲ್ ಹನಿಗಿಂತ ನಾಟಾಮೈಸಿನ್ ಉತ್ತಮ ಅಂತ ಅದರಲ್ಲಿ ಬಂತು, ಮುಖ್ಯವಾಗಿ ಫ್ಯುಸೇರಿಯಂಗೆ. ಕಣ್ಣಿಗೆ ಕಡ್ಡಿ ತಾಗಿದವರು ಮೆಡಿಕಲ್‌ನಿಂದ ಸ್ಟಿರಾಯ್ಡ್ ಹನಿ ತಂದು ಹಾಕಲೇಬಾರದು. ಚರ್ಮದಲ್ಲಾದರೆ ಗೆರೆ ಬೀಳುತ್ತದೆ, ಕಣ್ಣಿನಲ್ಲಾದರೆ ದೃಷ್ಟಿಯೇ ಹೋಗುತ್ತದೆ.

ಸ್ಟಾಫ್ ನರ್ಸ್, ಮಂಜೇಶ್ವರ

ನಾನು ಐಸಿಯುನಲ್ಲಿ ಕೆಲಸ ಮಾಡುವವಳು. ನಮಗೆ ಬರುವ ರಿಪೋರ್ಟಿನಲ್ಲಿ ಕ್ಯಾಂಡಿಡಾ ಆರಿಸ್, ಫ್ಲುಕೊನಝೋಲ್ ಆರ್, ಆಂಫೊಟೆರಿಸಿನ್ ಆರ್ ಅಂತ ಇರುತ್ತದೆ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮನೆಯವರಿಗೆ ಏನಂತ ಹೇಳುವುದು?

ಮೈಕಾಲಜಿ ಮೇಜು

ಅಕ್ಕಾ, ಮನೆಯವರಿಗೆ ಮದ್ದೇ ಇಲ್ಲ ಅಂತ ಯಾವತ್ತೂ ಹೇಳಬೇಡಿ. ಕ್ಯಾಂಡಿಡಾ ಆರಿಸ್‌ಗೆ ಮೊದಲು ಕೊಡುವುದೇ ಎಕಿನೊಕ್ಯಾಂಡಿನ್, ಅಂದರೆ ಕ್ಯಾಸ್ಪೊಫಂಗಿನ್, ಮೈಕಾಫಂಗಿನ್, ಅನಿಡ್ಯುಲಾಫಂಗಿನ್. ಹೆಚ್ಚಿನ ತಳಿಗಳು ಅದಕ್ಕೆ ಬಗ್ಗುತ್ತವೆ. ಫ್ಲುಕೊನಝೋಲ್‌ಗೆ ಬಗ್ಗದೆ ಇರುವುದು ಈ ಜಾತಿಯಲ್ಲಿ ಮಾಮೂಲು.

ಇದನ್ನು ಮೊದಲು ವರ್ಣಿಸಿದ್ದು 2009ರಲ್ಲಿ, ಜಪಾನಿನ ಒಬ್ಬ ರೋಗಿಯ ಕಿವಿಯಿಂದ. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ ಅತಿ ಗಂಭೀರ ಅನ್ನುವ ಗುಂಪಿನಲ್ಲಿ ಇಟ್ಟದ್ದು ನಾಲ್ಕನ್ನು ಮಾತ್ರ. ಅದರಲ್ಲಿ ಇದೂ ಒಂದು.

ಆಂಫೊಟೆರಿಸಿನ್ ಆರ್ ಅಂತ ಬಂದರೆ ಯಾವ ಯಂತ್ರದಲ್ಲಿ ಮಾಡಿದ್ದು ಅಂತ ಕೇಳಿ. ವೈಟೆಕ್‌ನಂಥ ತಾನಾಗಿ ಓದುವ ಯಂತ್ರದಲ್ಲಿ ಈ ಜಾತಿಗೆ ಆ ಅಂಕಿ ನಿಜಕ್ಕಿಂತ ಮೇಲೆ ಬರುವುದುಂಟು. ಇನ್ನೊಂದು ವಿಧಾನದಲ್ಲಿ ಮತ್ತೆ ನೋಡಿಸುವುದು ಒಳ್ಳೆಯದು. ಲ್ಯಾಬ್‌ಗೆ ಖಚಿತ ಆಗದಿದ್ದರೆ ಚಂಡೀಗಢದ ಪಿಜಿಐ ಆಸ್ಪತ್ರೆಗೆ ತಳಿ ಕಳಿಸಬಹುದು, ರೋಗ ತರುವ ಫಂಗಸ್‌ಗಳ ರಾಷ್ಟ್ರೀಯ ಸಂಗ್ರಹ ಇರುವುದು ಅಲ್ಲೇ. ಮತ್ತೆ ಇದು ಮಂಚದ ಕಂಬಿ, ಬಿಪಿ ಪಟ್ಟಿ ಎಲ್ಲ ಕಡೆ ಅಂಟಿಕೊಂಡು ಬಹಳ ದಿನ ಬದುಕುತ್ತದೆ. ಕ್ಲೋರಿನ್ ದ್ರಾವಣದಲ್ಲೇ ಒರೆಸಿ. ರಿಪೋರ್ಟಿನಲ್ಲಿ ಆ ಹೆಸರು ಕಂಡ ಗಳಿಗೆಯಿಂದ ಪಕ್ಕದ ಬೆಡ್ಡಿನವರನ್ನು ಕಾಪಾಡುವ ಕೆಲಸ ಶುರುವಾಗುತ್ತದೆ. ಆ ಕೆಲಸ ನಿಮ್ಮ ಕೈಯಲ್ಲಿದೆ.

ಉಪ್ಪಳದಿಂದ

2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗಲೂ ಈ ಟೆಸ್ಟ್ ಮಾಡಿದ್ದರಾ?

ಪಿಜಿ ಮೈಕ್ರೋಬಯಾಲಜಿ

ಅದರಲ್ಲಿ ಟೆಸ್ಟ್ ಬರುವ ತನಕ ಕಾದರೆ ರೋಗಿ ಉಳಿಯುವುದಿಲ್ಲ. ಆ ರೋಗ ತರುವ ಬೂಸ್ಟು ರೈಜೋಪಸ್ ಅಂತ ಗೊತ್ತಾದರೆ ಸಾಕು, ಫ್ಲುಕೊನಝೋಲ್, ವೊರಿಕೊನಝೋಲ್ ಎರಡೂ ನಾಟುವುದಿಲ್ಲ ಅಂತ ಮೊದಲೇ ಗೊತ್ತು. ಆಂಫೊಟೆರಿಸಿನ್ ಶುರು ಮಾಡಿ, ಕೊಳೆತ ಭಾಗ ತೆಗೆಯುತ್ತಾರೆ.

ತೋಟದವ, ಪೆರ್ಲ

ಎಲ್ಲರಿಗೂ ತುಂಬ ಉಪಕಾರವಾಯಿತು. ಟ್ಯೂಬ್ ನಿಲ್ಲಿಸಿದೆವು. ಮಂಗಳೂರಿನಲ್ಲಿ ಚರ್ಮದ ಡಾಕ್ಟ್ರಿಗೆ ತೋರಿಸುವುದು ಅಂತ ಆಯಿತು. ಮೂರೂ ಜನ ಸ್ಯಾಂಪಲ್ ಕೊಡಬೇಕಾ, ಒಬ್ಬರದ್ದು ಸಾಕಾ? ಅಮ್ಮನಿಗೆ ಕೆರೆಯುವುದು ಅಂದರೆ ಹೆದರಿಕೆ, ನಾಚಿಕೆಯೂ ಉಂಟು.

ಮೈಕಾಲಜಿ ಮೇಜು

ಅಮ್ಮನಿಗೆ ಹೇಳಿ, ನೋಯುವುದಿಲ್ಲ. ರಕ್ತ ಬರುವಷ್ಟು ಕೆರೆಯುವುದಿಲ್ಲ, ಉಗುರಿನಲ್ಲಿ ಪರಚಿದಷ್ಟೂ ಆಗುವುದಿಲ್ಲ. ಸ್ಯಾಂಪಲ್ ತೆಗೆಯಲು ಹೆಂಗಸರೇ ಬೇಕು ಅಂತ ಕೌಂಟರಿನಲ್ಲೇ ಕೇಳಿ, ಹೆಚ್ಚಿನ ಕಡೆ ಇರುತ್ತಾರೆ. ಉಪವಾಸ ಬೇಡ. ಆ ದಿನ ಸ್ನಾನ ಮಾಡಿ, ಎಣ್ಣೆ, ಪೌಡರ್, ಮುಲಾಮು ಏನೂ ಹಚ್ಚದೆ ಬನ್ನಿ.

ಮೂವರಿಗೂ ಕೆಓಎಚ್ ಮಾಡಿಸಿ, ಅದಕ್ಕೆ ಖರ್ಚು ಕಡಿಮೆ. ಕಲ್ಚರ್ ಮತ್ತು ಸೆನ್ಸಿಟಿವಿಟಿ ಟರ್ಬಿನಾಫಿನ್ ಪೂರ್ತಿ ನುಂಗಿಯೂ ಹೋಗದ ಒಬ್ಬರದ್ದು ಸಾಕು. ಒಂದೇ ಮನೆಯಲ್ಲಿ ಹೆಚ್ಚಾಗಿ ಒಂದೇ ಫಂಗಸ್ ಇರುತ್ತದೆ. ಆದರೆ ಮದ್ದು ಮೂವರಿಗೂ ಒಟ್ಟಿಗೇ ಶುರುವಾಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ.

ಫಂಗಸ್ ಮದ್ದು ನಿಲ್ಲಿಸಿ ಒಂದೆರಡು ವಾರವಾದರೂ ಆದ ಮೇಲೆ ಸ್ಯಾಂಪಲ್ ಕೊಟ್ಟರೆ ಕಲ್ಚರ್ ಬೆಳೆಯುವ ಸಾಧ್ಯತೆ ಜಾಸ್ತಿ. ಎಷ್ಟು ದಿನ ಅಂತ ಡಾಕ್ಟ್ರನ್ನೇ ಕೇಳಿಕೊಳ್ಳಿ. ಸ್ಟಿರಾಯ್ಡ್ ನಿಲ್ಲಿಸಿದ್ದೀರಿ, ಮೊದಲ ಒಂದು ವಾರ ತುರಿಕೆ ಏರುತ್ತದೆ. ಆಗ ಮತ್ತೆ ಅದೇ ಟ್ಯೂಬಿಗೆ ಕೈ ಹಾಕಬೇಡಿ, ತುರಿಕೆಗೆ ಡಾಕ್ಟ್ರು ಮಾತ್ರೆ ಕೊಡುತ್ತಾರೆ. ಹಳೆಯ ಚೀಟಿಗಳು ಮತ್ತು ಆ ಟ್ಯೂಬನ್ನು ಜೊತೆಗೆ ತನ್ನಿ. ಲ್ಯಾಬ್ ಫಾರಂನಲ್ಲಿ ಟರ್ಬಿನಾಫಿನ್ ಎಷ್ಟು ದಿನ ನುಂಗಿದ್ದು, ಯಾವಾಗ ನಿಲ್ಲಿಸಿದ್ದು ಅಂತ ಬರೆಸಿ. ಅಮ್ಮನ ಗ್ಯಾಸ್ಟ್ರಿಕ್ ಮಾತ್ರೆಯ ವಿಷಯವನ್ನು ಮಾತ್ರ ಡಾಕ್ಟ್ರ ಹತ್ತಿರ ಮರೆಯದೆ ಹೇಳಿ, ಇಟ್ರಾಕೊನಝೋಲ್ ಬರೆಯುವ ಮೊದಲೇ.